ಕಟ್ಟಿಗೆ ಒಲೆಯ ದುಬಾರಿ ಹೋಟೆಲಿಗೆ ಹೋಗುವ ಮುನ್ನ

ನಮ್ಮ ಅಪ್ಪ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮೂವತ್ತನಾಲ್ಕು ವರ್ಷ ಕಟ್ಟಿಗೆ ಅಡ್ಡೆ ನಡೆಸಿದವರು. ಮದುವೆ ಅಡುಗೆಯವರು, ಮಂಡಕ್ಕಿ ಭಟ್ಟಿಯವರು, ಬೇಕರಿಯವರು ಅವರ ಗಿರಾಕಿಗಳಾಗಿದ್ದರು. ಊರ ಹೊರಗೆ ಹೊಸಪೇಟೆ ರಸ್ತೆಯ ಕಡೆ ಎಲ್ಲವನ್ನೂ ಕಟ್ಟಿಗೆ ಒಲೆಯಲ್ಲೇ ಬೇಯಿಸುವ ಹೋಟೆಲೊಂದು ತೆರೆದಿದೆ, ಇಬ್ಬರು ಉಂಡರೆ ಎರಡು ಸಾವಿರ ರೂಪಾಯಿ ಕೈಬಿಡುತ್ತದೆ ಎಂದು ನಾನು ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಯಾವ ಕಟ್ಟಿಗೆ ಉರಿಸುತ್ತಾರಂತೆ?”

ಆ ಒಂದೇ ತಿಂಗಳಲ್ಲಿ ಹೋಟೆಲಿನ ಬಗ್ಗೆ ಮೂರು ಬಗೆಯ ಮಾತು ಕಿವಿಗೆ ಬಿದ್ದವು. ಅಣ್ಣ ಮಗಳ ಹುಟ್ಟುಹಬ್ಬಕ್ಕೆಂದು ಭಾನುವಾರ ರಾತ್ರಿ ಒಂಬತ್ತು ಗಂಟೆಗೆ ಹನ್ನೊಂದು ಜನರನ್ನು ಕರೆದುಕೊಂಡು ಹೋಗಿ, ಮೇಲೆ ಕರಿಕಾಗಿ ಕೆಳಗೆ ಹಸಿಯಾಗಿದ್ದ ಪಿಜ್ಜಾ ತಿಂದು ಸಿಟ್ಟಿನಿಂದ ಬಂದ. ನಾನು ಲೆಕ್ಕ ಬರೆಯುವ ಜೀನ್ಸ್ ಹೊಲಿಗೆ ಘಟಕದ ಕಟಿಂಗ್ ಮಾಸ್ತರರು ಮಂಗಳವಾರ ಸಂಜೆ ಹೆಂಡತಿಯೊಂದಿಗೆ ಹೋಗಿ, ಅಂತಹ ಸುಟ್ಟ ಬದನೆಕಾಯಿಯನ್ನು ಬಹಳ ವರ್ಷಗಳಿಂದ ತಿಂದಿರಲಿಲ್ಲ ಎಂದು ಎರಡು ದಿನ ಅದನ್ನೇ ಹೇಳಿದರು. ಪಕ್ಕದ ಮನೆಯವರಿಗೆ ಊಟ ಹಿಡಿಸಿತ್ತು, ಬಿಲ್ ನೋಡಿ ಬಾಯಿ ಕಟ್ಟಿತ್ತು. ನಾನು ನಾಲ್ಕು ಸಲ ಹೋಗಿ ಬಂದೆ. ಮೂವರೂ ನಿಜವನ್ನೇ ಹೇಳಿದ್ದರು. ಅಷ್ಟು ದುಡ್ಡು ಕೊಡುವ ಮನಸ್ಸು ಮಾಡಿದ್ದರೆ ಮಾಸ್ತರರ ಊಟ ನಿಮಗೆ ಸಿಗಬೇಕು, ಅಣ್ಣನ ಊಟ ಸಿಗಬಾರದು. ಅದಕ್ಕಾಗಿ ನಾನು ಕಲಿತದ್ದನ್ನು ಬರೆಯುತ್ತಿದ್ದೇನೆ.

ಮೊದಲು ದಿನ ಮತ್ತು ಹೊತ್ತು. ಇಡೀ ಊಟ ನಿಂತಿರುವುದು ಇದರ ಮೇಲೆಯೇ. ಇಟ್ಟಿಗೆಯ ಗುಮ್ಮಟದ ಒಲೆ ಸರಿಯಾಗಿ ಕಾಯಲು ಎರಡು ಗಂಟೆಗೂ ಹೆಚ್ಚು ಬೇಕು. ಬೆಂಕಿ ಹಾಕಿದ ಹೊಸದರಲ್ಲಿ ಗುಮ್ಮಟದ ಒಳಭಾಗ ಮಸಿ ಹಿಡಿದು ಕಪ್ಪಾಗುತ್ತದೆ. ಶಾಖ ಸುಮಾರು 350 ಡಿಗ್ರಿ ದಾಟುವ ಹೊತ್ತಿಗೆ ಆ ಮಸಿಯೇ ಉರಿದುಹೋಗಿ ಇಟ್ಟಿಗೆಯ ಬಣ್ಣ ಮತ್ತೆ ಕಾಣಿಸುತ್ತದೆ. ಇಟಲಿಯ ನೇಪಲ್ಸ್ ಬಗೆಯ ಪಿಜ್ಜಾಕ್ಕೆ 430ರಿಂದ 480 ಡಿಗ್ರಿಯಷ್ಟು ಕಾವು ಬೇಕು. ಅಷ್ಟು ಕಾವಿದ್ದರೆ ಅದು 60ರಿಂದ 90 ಸೆಕೆಂಡುಗಳಲ್ಲಿ ಬೆಂದು ಹೊರಬರುತ್ತದೆ. ಹೀಗಾಗಿ ಬಾಗಿಲು ತೆರೆದ ಕೂಡಲೇ ನುಗ್ಗಬೇಡಿ. ಒಲೆ ಕಾಣುವಂತಿದ್ದರೆ ಒಳಗೆ ಇಣುಕಿ ನೋಡಿ. ಗುಮ್ಮಟ ಇನ್ನೂ ಕಪ್ಪಗಿದ್ದರೆ ಒಂದು ನಿಂಬೆ ಶರಬತ್ತು ಹೇಳಿ ಸುಮ್ಮನೆ ಕೂರಿ.

ತೀರಾ ತಡವಾಗಿ ಹೋಗುವುದು ಇನ್ನೂ ಕೆಟ್ಟದ್ದು. ಅಣ್ಣನ ಪಿಜ್ಜಾ ಯಾಕೆ ಹಾಗಾಯಿತು ಎಂಬುದು ನನಗೆ ಮೂರನೆಯ ಭೇಟಿಯಲ್ಲಿ, ಒಲೆಯ ಎದುರಿನ ಮೇಜಿನಲ್ಲಿ ಕೂತು ನೋಡಿದಾಗ ಅರ್ಥವಾಯಿತು. ತಣ್ಣನೆಯ ಹಿಟ್ಟು ಒಲೆಯ ನೆಲದ ಮೇಲೆ ಬಿದ್ದಾಗಲೆಲ್ಲ ನೆಲದ ಕಾವನ್ನು ಹೀರಿಕೊಳ್ಳುತ್ತದೆ. ಒಂದರ ಹಿಂದೊಂದು ಹತ್ತು ಪಿಜ್ಜಾ ಇಳಿದರೆ ನೆಲ ಆರುತ್ತದೆ, ಆದರೆ ಪಕ್ಕದಲ್ಲಿ ಜ್ವಾಲೆ ಇರುವುದರಿಂದ ಮೇಲಿನ ಗುಮ್ಮಟ ಹಾಗೆಯೇ ಕಾದಿರುತ್ತದೆ. ಆಗ ಮೇಲ್ಭಾಗ ಸುಡುತ್ತದೆ, ತಳ ಹಸಿಯಾಗಿ ಉಳಿಯುತ್ತದೆ. ಬಲ್ಲ ಅಡುಗೆಯವರು ನಡುವೆ ನಿಲ್ಲಿಸಿ ಕೆಂಡವನ್ನು ನೆಲದ ಮೇಲೆ ಎಳೆದು ಹರಡಿ, ಕೆಲವು ನಿಮಿಷ ಬಿಟ್ಟು, ಬದಿಗೆ ಸರಿಸಿ, ಬೂದಿ ಗುಡಿಸಿ, ಮತ್ತೆ ಶುರು ಮಾಡುತ್ತಾರೆ. ಭಾನುವಾರ ರಾತ್ರಿ ಒಂಬತ್ತಕ್ಕೆ ಇಪ್ಪತ್ತು ಮೇಜು ತುಂಬಿ, ಮಕ್ಕಳು ಅಳುತ್ತಿರುವಾಗ ಆ ಕೆಲವು ನಿಮಿಷ ಅವರಿಗೆ ಎಲ್ಲಿ ಸಿಗಬೇಕು? ಒಲೆಯ ಮುಂದೆ ನಿಂತಿದ್ದ ಹುಡುಗನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು, ಒಂದೇ ಒಲೆ ಇಟ್ಟುಕೊಂಡು ಅಷ್ಟೂ ಮೇಜುಗಳಿಗೆ ಜನರನ್ನು ಒಟ್ಟಿಗೆ ಕೂರಿಸಿದವರ ಮೇಲೆ.

ಸೋಮವಾರದಿಂದ ಗುರುವಾರದೊಳಗೆ, ಸಂಜೆ ಏಳೂವರೆಯ ಸುಮಾರಿಗೆ ಹೋಗಿ. ನಾಲ್ಕು ಜನಕ್ಕಿಂತ ಹೆಚ್ಚು ಬೇಡ. ಹನ್ನೊಂದು ಜನರ ಹುಟ್ಟುಹಬ್ಬಕ್ಕೆ ನಮ್ಮೂರಿನ ಯಾವುದಾದರೂ ಒಳ್ಳೆಯ ಖಾನಾವಳಿಯೇ ಮೇಲು. ಅಲ್ಲಿ ಎಲ್ಲರ ತಟ್ಟೆಗೂ ಒಟ್ಟಿಗೆ ಬಿಸಿ ರೊಟ್ಟಿ ಬೀಳುತ್ತದೆ.

ಇನ್ನು ಕಟ್ಟಿಗೆಯ ಮಾತು. ನಾಲ್ಕನೆಯ ಸಲ ಅಪ್ಪನನ್ನೂ ಅತ್ತೆಯನ್ನೂ ಕರೆದುಕೊಂಡು ಹೋದೆ. ಅಪ್ಪನಿಗೆ ಈಗ ಎಪ್ಪತ್ತೆಂಟು. ಕಾರಿನಿಂದ ಇಳಿದವರು ಬಾಗಿಲ ಕಡೆ ಬಾರದೆ ನೇರವಾಗಿ ಹಿತ್ತಲಿಗೆ ನಡೆದು, ಪೇರಿಸಿದ್ದ ಕಟ್ಟಿಗೆಯಿಂದ ಎರಡು ಕೊರಡು ಎತ್ತಿ ಒಂದಕ್ಕೊಂದು ಬಡಿದರು. ಒಣಗಿದ್ದರೆ ಠಣ್ ಎನ್ನುತ್ತದೆ, ಹಸಿಯಿದ್ದರೆ ದಬ್ ಎನ್ನುತ್ತದೆ. ಕೊರಡಿನ ತುದಿಯಲ್ಲಿ ಸೀಳು ಬಿಟ್ಟಿದೆಯೇ, ತೊಗಟೆ ಸಡಿಲಾಗಿದೆಯೇ ಎಂದೂ ನೋಡಿದರು. ಒಳ್ಳೆಯ ಉರುವಲಿನಲ್ಲಿ ನೀರಿನ ಅಂಶ ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ ಇರಬೇಕು ಎಂಬ ಲೆಕ್ಕ ಅಪ್ಪನಿಗೆ ಗೊತ್ತಿಲ್ಲ, ಆದರೆ ಆ ಸದ್ದು ಗೊತ್ತು. ಅಲ್ಲಿದ್ದ ಕೆಲಸದ ಹುಡುಗನನ್ನು ಕೇಳಿದರು: “ಯಾಕಪ್ಪಾ, ಈ ಕಡೆಯದು ಮೊನ್ನೆ ಇಳಿಸಿದ್ದಲ್ಲವೇ? ಆ ಗೋಡೆಯ ಪಕ್ಕದ್ದನ್ನು ಮೊದಲು ಉರಿಸು.” ಹುಡುಗ ಹೂಂ ಎಂದು ಅದನ್ನೇ ಹೊತ್ತುಕೊಂಡು ಹೋದ.

ಪೇರಿಸಿದ್ದರಲ್ಲಿ ಹೆಚ್ಚಿನದು ಬಳ್ಳಾರಿ ಜಾಲಿ. ನಮ್ಮೂರಿನ ಹೆಸರು ಹೊತ್ತಿದ್ದರೂ ಅದು ಅಮೆರಿಕ ಖಂಡದಿಂದ ಬಂದ ಮರ. ಹೊಲ, ಕೆರೆಯಂಗಳ ಎನ್ನದೆ ಹಬ್ಬಿ ರೈತರನ್ನು ಕಾಡುವ ಮುಳ್ಳು ಜಾತಿ. ಇದರ ಬಳಗದ್ದೇ ಆದ ಮೆಸ್ಕೀಟ್ ಎಂಬ ಮರದ ಹೊಗೆಗಾಗಿ ಟೆಕ್ಸಾಸ್‌ನಲ್ಲಿ ಜನ ಮಾಂಸವನ್ನು ಅದರ ಕೆಂಡದ ಮೇಲೆಯೇ ಸುಡುತ್ತಾರೆ. ಗಟ್ಟಿ ಕಾವು, ಬಹಳ ಹೊತ್ತು ನಿಲ್ಲುವ ಕೆಂಡ ಅದರ ಗುಣ. ಆದರೆ ಅದರ ಹೊಗೆ ಜೋರು. ಒಣಗಿದ ಜಾಲಿಯಲ್ಲಿ ಬೇಗ ಬೇಯುವ ಅಡುಗೆ ಚೆನ್ನಾಗಿ ಬರುತ್ತದೆ. ಹಸಿ ಜಾಲಿಯ ಹೊಗೆಯಲ್ಲಿ ಗಂಟೆಗಟ್ಟಲೆ ಇಟ್ಟ ಮಾಂಸಕ್ಕೆ ಕಹಿ ಹತ್ತುತ್ತದೆ. ಅಪ್ಪ ಹೋಟೆಲುಗಳಿಗೆ ಬೇವಿನ ಕಟ್ಟಿಗೆ ಯಾವತ್ತೂ ಕೊಟ್ಟವರಲ್ಲ. ಬಣ್ಣ ಬಳಿದ ಹಳೆಯ ಚೌಕಟ್ಟು, ಪ್ಲೈವುಡ್ ಚೂರು ಪೇರಿಯಲ್ಲಿ ಕಂಡರೆ ಆ ಜಾಗದಲ್ಲಿ ಊಟವೇ ಬೇಡ, ವಾಪಸ್ ಬನ್ನಿ ಎನ್ನುತ್ತಾರೆ. ಬಣ್ಣ ಮತ್ತು ಅಂಟು ಉರಿದ ಹೊಗೆ ಅನ್ನಕ್ಕೆ ತಾಗಬಾರದು.

ಎಲ್ಲರೂ ಹಿತ್ತಲಿಗೆ ಹೋಗಬೇಕಿಲ್ಲ. ಚಿಮಣಿ ನೋಡಿದರೆ ಸಾಕು. ಹೊಗೆ ತೆಳುವಾಗಿ, ಕಂಡೂ ಕಾಣದಂತೆ ಏಳುತ್ತಿದ್ದರೆ ಬೆಂಕಿ ಶುದ್ಧವಾಗಿದೆ. ದಟ್ಟ ಬಿಳಿ ಹೊಗೆ ಉಗುಳುತ್ತಿದ್ದರೆ ಕಟ್ಟಿಗೆ ಹಸಿಯಿದೆ, ಅಥವಾ ಒಲೆ ಇನ್ನೂ ಹತ್ತಿಲ್ಲ. ಒಳಗೆ ಕೂತಾಗ ಕಣ್ಣು ಉರಿದರೆ ಮೇಜು ಬದಲಿಸಿ ಎಂದು ತಕ್ಷಣ ಕೇಳಿ. ದಮ್ಮು ಇರುವವರನ್ನು ಕರೆದೊಯ್ದಿದ್ದರೆ ಹೊರಗಿನ ಮೇಜನ್ನೇ ಮೊದಲೇ ಹೇಳಿಡಿ. ಏಪ್ರಿಲ್, ಮೇ ತಿಂಗಳಲ್ಲಿ ಒಲೆಯ ಎದುರು ಕೂರುವ ಆಸೆ ಬಿಡಿ. ನಲವತ್ತು ಡಿಗ್ರಿ ದಾಟಿದ ಹಗಲು ಕಳೆದು ಬಂದ ಮೈಗೆ ಅದು ಶಿಕ್ಷೆ.

ಏನು ಹೇಳಬೇಕು, ಹೇಗೆ ಹೇಳಬೇಕು ಎಂಬುದರಲ್ಲಿ ನಮ್ಮವರು ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಪಟ್ಟಿ ನೋಡಿ ಒಂದೇ ಉಸಿರಿಗೆ ಆರು ಬಗೆ ಹೇಳಿಬಿಡುತ್ತಾರೆ. ಆರೂ ಒಟ್ಟಿಗೆ ಬರುತ್ತವೆ, ಎರಡನ್ನು ತಿನ್ನುವಷ್ಟರಲ್ಲಿ ನಾಲ್ಕು ಆರುತ್ತವೆ. ಒಂದೂವರೆ ನಿಮಿಷದಲ್ಲಿ ಬೇಯುವ ಪದಾರ್ಥಕ್ಕೆ ಮೇಜಿನ ಮೇಲಿನ ಆಯುಷ್ಯವೂ ಅಷ್ಟೇ ಕಡಿಮೆ. ಐದಾರು ನಿಮಿಷ ಬಿಟ್ಟರೆ ಅಂಚು ತೊಗಲಿನಂತಾಗುತ್ತದೆ. ಒಂದು ಪಿಜ್ಜಾ ಹೇಳಿ, ಎಲ್ಲರೂ ಹಂಚಿಕೊಂಡು ತಿನ್ನಿ, ಮುಗಿಯುತ್ತಾ ಬಂದಾಗ ಇನ್ನೊಂದು ಹೇಳಿ. “ಒಂದಾದ ಮೇಲೆ ಒಂದು ತನ್ನಿ” ಎಂದು ಮೊದಲೇ ತಿಳಿಸಿದರೆ ಅಡುಗೆಯವರಿಗೂ ಹಗುರ. ಹಿಟ್ಟು ಯಾವಾಗ ಕಲಸಿದ್ದು ಎಂದೂ ಕೇಳಿ. ನಿನ್ನೆ ಕಲಸಿಟ್ಟದ್ದು ಎಂದರೆ ಸಂತೋಷಪಡಿ, ಹುದುಗಿ ರುಚಿ ಕಟ್ಟಿರುತ್ತದೆ.

ಮಟನ್ ಕಾಲಿನಂತಹ ದೊಡ್ಡ ತುಂಡು ಬೇಕಿದ್ದರೆ ಹಿಂದಿನ ದಿನವೇ ಫೋನ್ ಮಾಡಿ. ಅದು ಜ್ವಾಲೆಯ ಅಡುಗೆಯಲ್ಲ, ಬೆಂಕಿ ತಗ್ಗಿದ ಒಲೆಯಲ್ಲಿ ಮುಚ್ಚಿಟ್ಟು ಗಂಟೆಗಟ್ಟಲೆ ಬೇಯುವಂಥದ್ದು. ಅರ್ಧ ಗಂಟೆಯಲ್ಲಿ ತರುತ್ತೇವೆ ಎಂದರೆ ಮೊದಲೇ ಬೇಯಿಸಿ ಇಟ್ಟದ್ದನ್ನು ಬಿಸಿ ಮಾಡಿ ತರುತ್ತಾರೆ. ಕೋಳಿಯ ವಿಷಯದಲ್ಲಿ ಸಂಕೋಚ ಬೇಡ: ಹೊರಗೆ ಕಪ್ಪಾಗಿದ್ದರೂ ಮೂಳೆಯ ಬಳಿ ಬಿಡಿಸಿ ನೋಡಿ. ಒಳಗಿನ ಕಾವು 74 ಡಿಗ್ರಿ ಮುಟ್ಟಿರಬೇಕು. ನಿಮ್ಮ ಕೈಯಲ್ಲಿ ತಾಪಮಾಪಕ ಇರುವುದಿಲ್ಲ, ಆದರೆ ಮಾಂಸ ಜಿಗುಟಾಗಿ, ಗಾಜಿನಂತೆ ಹೊಳೆಯುತ್ತಿದ್ದರೆ ಅದು ಹಸಿ. ವಾಪಸ್ ಕಳಿಸಿ.

ನಮ್ಮ ಅತ್ತೆ ಕೊರಳಲ್ಲಿ ಲಿಂಗ ಕಟ್ಟಿದವರು, ಮೊಟ್ಟೆಯನ್ನೂ ಮುಟ್ಟುವವರಲ್ಲ. ಅವರನ್ನು ಕೂರಿಸುವ ಮೊದಲು ನಾನೇ ಹೋಗಿ ಕೇಳಿದೆ: ಕೋಳಿ, ಮೀನು ಬೇಯಿಸುವುದೂ ಇದೇ ಒಲೆಯಲ್ಲಿಯೇ, ಉದ್ದ ಹಿಡಿಯ ಸಲಿಕೆ ಒಂದೇ ಇದೆಯೇ? ಒಲೆ ಒಂದೇ, ಸಲಿಕೆ ಮತ್ತು ಕಬ್ಬಿಣದ ತಟ್ಟೆಗಳು ಬೇರೆ ಎಂದರು. ಅದನ್ನು ಅತ್ತೆಗೆ ಇದ್ದಂತೆಯೇ ಹೇಳಿದೆ. ಅವರು ಸ್ವಲ್ಪ ಯೋಚಿಸಿ, ಕೆಂಡದಲ್ಲೇ ಬೇರೆಯಾಗಿ ಸುಟ್ಟ ಬದನೆಕಾಯಿ ಮತ್ತು ತಂದೂರಿನ ರೊಟ್ಟಿ ಸಾಕು ಎಂದರು. ಹಿರಿಯರಿಗೆ ಇದನ್ನು ಮುಚ್ಚಿಟ್ಟು ತಿನ್ನಿಸುವುದು ದೊಡ್ಡ ತಪ್ಪು. ಕೇಳಿ, ಹೇಳಿ, ತೀರ್ಮಾನ ಅವರಿಗೇ ಬಿಡಿ.

ತಟ್ಟೆ ಬಂದ ಮೇಲೆ ‘ಸುಟ್ಟಿದೆ’ ಎಂದು ಕೂಗುವ ಮೊದಲು ಒಂದು ಕ್ಷಣ ನಿಲ್ಲಿ. ಜೋಳದ ರೊಟ್ಟಿಯನ್ನು ಕೆಂಡದ ಮೇಲೆ ಉಬ್ಬಿಸಿದಾಗ ಅಲ್ಲಲ್ಲಿ ಕರಿ ಚುಕ್ಕೆ ಬೀಳುವುದಿಲ್ಲವೇ? ಆ ಚುಕ್ಕೆಗಳನ್ನು ನಾವು ಕೆರೆದು ತಿನ್ನುವುದಿಲ್ಲ, ಅದೇ ರುಚಿ. ಪಿಜ್ಜಾದ ಅಂಚಿನ ಚುಕ್ಕೆಗಳೂ ಹಾಗೆಯೇ. ನಡುಭಾಗ ಮೆತ್ತಗೆ, ಸ್ವಲ್ಪ ಒದ್ದೆಯಾಗಿರುವುದು ಆ ಬಗೆಯ ಲಕ್ಷಣ, ಮಡಚಿ ತಿನ್ನಬೇಕು. ಗಟ್ಟಿ, ಕರುಂ ಎನ್ನುವ ಪಿಜ್ಜಾ ನಿಮಗಿಷ್ಟವಾದರೆ ಇಲ್ಲಿ ಹಣ ಹಾಕಬೇಡಿ. ಆದರೆ ಒಂದು ತುಂಡೆತ್ತಿ ತಳ ನೋಡಿ. ತಳದಲ್ಲಿಯೂ ಕಂದು ಚುಕ್ಕೆಗಳಿರಬೇಕು. ತಳ ಬಿಳಿಚಿಕೊಂಡು ಹಿಟ್ಟಿನ ವಾಸನೆ ಬಂದರೆ, ಇಲ್ಲವೇ ಇಡೀ ತಳ ಒಂದೇ ಕರಿ ಹಾಳೆಯಾಗಿದ್ದರೆ ದೂರುವ ಹಕ್ಕು ನಿಮಗಿದೆ.

ಆ ದೂರನ್ನು ಎರಡನೆಯ ತುತ್ತಿಗೇ ಹೇಳಿ. ಅಣ್ಣ ಪೂರ್ತಿ ತಿಂದು, ಬಿಲ್ ಬಂದ ಮೇಲೆ ಜಗಳ ತೆಗೆದ, ಯಾರೂ ಕೇಳಲಿಲ್ಲ. ನಾನು ಮೂರನೆಯ ಸಲ ಹೋದಾಗ ತಳ ಹಸಿಯಿತ್ತು. ಬಡಿಸುವ ಹುಡುಗನನ್ನು ಕರೆದು, “ತಮ್ಮಾ, ಇದರ ತಳ ಬೆಂದಿಲ್ಲ, ಒಲೆಯ ನೆಲ ಆರಿರಬೇಕು. ಕಾಯುತ್ತೇನೆ, ನೆಲ ಕಾಯಿಸಿ ಬೇರೆಯದು ಕೊಡಿ” ಎಂದೆ. ‘ಚೆನ್ನಾಗಿಲ್ಲ’ ಎಂದಿದ್ದರೆ ಅವನಿಂದ ಏನು ಮಾಡಲಾಗುತ್ತಿತ್ತು? ಏನಾಗಿದೆ ಎಂದು ಬಿಡಿಸಿ ಹೇಳಿದ್ದಕ್ಕೆ ಅಡುಗೆಯವರೇ ಬಂದು ನೋಡಿ, ಇಪ್ಪತ್ತು ನಿಮಿಷದಲ್ಲಿ ಹೊಸದು ತಂದರು. ಅದು ಅಲ್ಲಿ ನಾನು ತಿಂದ ಅತ್ಯುತ್ತಮ ಪಿಜ್ಜಾ.

ಕೊನೆಗೆ ಬಿಲ್. ಮೇಜು ಬಿಡುವ ಮೊದಲು ಸಾಲು ಸಾಲಾಗಿ ಓದಿ. ಅಪ್ಪ, ಅತ್ತೆ, ನಾನು ಉಂಡ ದಿನ ಪದಾರ್ಥಗಳ ಮೊತ್ತ 2,640 ರೂಪಾಯಿ. ಅದರ ಮೇಲೆ ಶೇಕಡಾ ಹತ್ತರಂತೆ 264 ರೂಪಾಯಿ ಸೇವಾ ಶುಲ್ಕ ಸೇರಿಸಿ, ಆ ಒಟ್ಟು ಮೊತ್ತಕ್ಕೆ ಶೇಕಡಾ ಐದರ ಜಿಎಸ್‌ಟಿ ಹಾಕಿ 3,049 ಎಂದು ಬರೆದಿದ್ದರು. ಜಿಎಸ್‌ಟಿ ಕಟ್ಟಲೇಬೇಕು. ಸೇವಾ ಶುಲ್ಕ ನಿಮ್ಮ ಇಷ್ಟ. ಅದನ್ನು ಬಿಲ್ಲಿನಲ್ಲಿ ತಾನಾಗಿಯೇ ಸೇರಿಸಬಾರದು, ಬೇರೆ ಹೆಸರಿನಲ್ಲಿಯೂ ವಸೂಲಿ ಮಾಡಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಇಷ್ಟನ್ನು ಮೆಲ್ಲನೆ ಹೇಳಿದೆ. ಮ್ಯಾನೇಜರ್ ತೆಗೆದು ಹೊಸ ಬಿಲ್ ಕೊಟ್ಟರು: 2,772. ತೆಗೆಯಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಉಳಿದ ದುಡ್ಡಿನಲ್ಲಿ ನೂರು ರೂಪಾಯಿಯನ್ನು ಒಲೆಯ ಮುಂದಿನ ಹುಡುಗನ ಕೈಗೇ ಕೊಟ್ಟೆ. ಬೆವರು ಅವನದು.

ಉಳಿದದ್ದನ್ನು ಕಟ್ಟಿಸಿಕೊಂಡರೆ ಡಬ್ಬಿಯ ಮುಚ್ಚಳವನ್ನು ಸ್ವಲ್ಪ ತೆರೆದಿಟ್ಟು ಮನೆಗೆ ತನ್ನಿ, ಇಲ್ಲದಿದ್ದರೆ ಹಬೆ ನಿಂತು ಎಲ್ಲ ಮೆತ್ತಗಾಗುತ್ತದೆ. ಮರುದಿನ ರೊಟ್ಟಿಯ ಕಬ್ಬಿಣದ ಹೆಂಚನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಎಣ್ಣೆ ಹಾಕದೆ ತುಂಡನ್ನು ಇಡಿ. ಹೆಂಚಿನ ಅಂಚಿಗೆ ನಾಲ್ಕು ಹನಿ ನೀರು ಚಿಮುಕಿಸಿ ಮುಚ್ಚಿ. ಮೂರು ನಾಲ್ಕು ನಿಮಿಷಕ್ಕೆ ತಳ ಗರಿಯಾಗುತ್ತದೆ, ಮೇಲಿನ ಚೀಸ್ ಕರಗುತ್ತದೆ.