3–3 ಆದ ಪಂದ್ಯ 6ಕ್ಕೆ ನಿಲ್ಲುವುದಿಲ್ಲ

2022ರ ಏಪ್ರಿಲ್ 4ರಂದು ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಖಾಸಗಿ ಕಂಪನಿಗಳ ಆನ್‌ಲೈನ್ ಬೆಟ್ಟಿಂಗ್ ಕಾನೂನುಬದ್ಧವಾಗಿ ಶುರುವಾಯಿತು. ಅಲ್ಲಿನ ಮಿಸ್ಸಿಸಾಗಾ ನಗರದ ನಮ್ಮ ಮನೆಯಲ್ಲಿ ಅದಕ್ಕೂ ಮೊದಲಿನಿಂದ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್ ನೋಡುತ್ತಿದ್ದೆವು. ಯಾರು ಗೆಲ್ಲುತ್ತಾರೆ ಅನ್ನುವುದಕ್ಕಿಂತ ಎರಡೂ ತಂಡ ಸೇರಿ ಎಷ್ಟು ಗೋಲು ಹೊಡೆಯುತ್ತವೆ ಅನ್ನುವ ಲೆಕ್ಕವೇ ನನ್ನನ್ನು ಹಿಡಿದುಕೊಂಡಿತು. ಇದಕ್ಕೆ ಟೋಟಲ್ ಅನ್ನುತ್ತಾರೆ. ಕಂಪನಿ 5.5, 6 ಅಥವಾ 6.5ಕ್ಕೆ ಗೆರೆ ಎಳೆಯುತ್ತದೆ. ಗೋಲು ಅದಕ್ಕಿಂತ ಹೆಚ್ಚಾದರೆ ಓವರ್, ಕಡಿಮೆಯಾದರೆ ಅಂಡರ್.

ಮೊದಲ ಚಳಿಗಾಲ ಎರಡೂ ತಂಡಗಳ ಸರಾಸರಿ ಕೂಡಿಸಿ, ಕಾಲೇಜಿನಲ್ಲಿ ಕಲಿತಿದ್ದ ಪಾಯ್ಸನ್ ಸೂತ್ರಕ್ಕೆ ಹಾಕಿದೆ; ಸರಾಸರಿ ಕೊಟ್ಟರೆ ಒಂದೊಂದು ಸಂಖ್ಯೆಯ ಸಾಧ್ಯತೆ ಎಷ್ಟೆಂದು ಅದು ಹೇಳುತ್ತದೆ. ಸರಾಸರಿ 6 ಗೋಲು ಅಂದುಕೊಂಡರೆ 7 ಅಥವಾ ಹೆಚ್ಚು ಬರುವ ಸಾಧ್ಯತೆ ಶೇ. 39.4. ಅಂದರೆ ಅಂಡರ್ 6.5 ಗೆಲ್ಲುವ ಸಾಧ್ಯತೆ ಶೇ. 60.6. ಅದಕ್ಕೆ 1.70 ದರ ಸಿಕ್ಕರೆ, ಅಂದರೆ ಗೆದ್ದಾಗ ಹಾಕಿದ ಒಂದು ಡಾಲರ್‌ಗೆ 1.70 ವಾಪಸ್ ಬಂದರೆ, ಶೇ. 58.8 ಗೆದ್ದರೂ ಅಸಲು ಬರುತ್ತದೆ. ಲಾಭವೇ ಎಂದು ನಂಬಿ ಮತ್ತೆ ಮತ್ತೆ ಅಂಡರ್ ಹಿಡಿದೆ. ಹಣ ಕರಗುತ್ತಲೇ ಹೋಯಿತು.

ಒಂದು ಭಾನುವಾರ ನೋಟ್‌ಬುಕ್ ತೆಗೆದು ಸೋತ ಪಂದ್ಯಗಳನ್ನಷ್ಟೇ ಬೇರೆ ಬರೆದುಕೊಂಡೆ. ಪುಟದ ತುಂಬ 4–3, 4–3. ಅವುಗಳಲ್ಲಿ ಬಹಳಷ್ಟು 60 ನಿಮಿಷ ಮುಗಿದಾಗ 3–3 ಇದ್ದವು.

ಎನ್‌ಎಚ್‌ಎಲ್‌ನಲ್ಲಿ ಡ್ರಾ ಇಲ್ಲ. ಸಮವಾದರೆ ಓವರ್‌ಟೈಮ್, ಅಂದರೆ ಮೊದಲ ಗೋಲಿಗೇ ಮುಗಿಯುವ ಹೆಚ್ಚುವರಿ ಆಟ; ಅಲ್ಲೂ ತೀರದಿದ್ದರೆ ಲೀಗ್ ಹಂತದಲ್ಲಿ ಶೂಟೌಟ್, ಅಂದರೆ ಒಬ್ಬೊಬ್ಬರಾಗಿ ಗೋಲ್‌ಕೀಪರ್ ಎದುರು ಹೊಡೆಯುವುದು. ಶೂಟೌಟಿನಲ್ಲಿ ಎಷ್ಟು ಸಲ ಪಕ್ (ಐಸ್ ಹಾಕಿಯ ರಬ್ಬರ್ ಬಿಲ್ಲೆ) ಒಳಗೆ ಹೋದರೂ ಗೆದ್ದ ತಂಡದ ಲೆಕ್ಕಕ್ಕೆ ಸೇರುವುದು ಒಂದೇ ಗೋಲು. ಹಾಗಾಗಿ ಸಮನಾದ ಪಂದ್ಯದ ಟೋಟಲ್ ಯಾವಾಗಲೂ ಬೆಸಸಂಖ್ಯೆ: 2–2 ಇದ್ದದ್ದು 5 ಆಗುತ್ತದೆ, 3–3 ಇದ್ದದ್ದು 7. ನನ್ನ ಸೂತ್ರದಲ್ಲಿ 3–3ರ ಪಾಲೇ ಶೇ. 5. ಅದನ್ನು ಆರರಿಂದ ತೆಗೆದು ಏಳಕ್ಕೆ ಸೇರಿಸಿದರೆ ಓವರ್ 6.5 ಶೇ. 44.4ಕ್ಕೆ ಏರುತ್ತದೆ, ನನ್ನ ಅಂಡರ್ ಶೇ. 55.6ಕ್ಕೆ ಇಳಿಯುತ್ತದೆ. 1.70 ದರಕ್ಕೆ ಅದು ಶುದ್ಧ ನಷ್ಟ. ಇಷ್ಟು ಸರಳವಾದದ್ದು ಒಂದು ಇಡೀ ಸೀಸನ್ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ವಾಸ್ತವದಲ್ಲಿ ಸಮನಾಗುವ ಪಂದ್ಯಗಳು ಸೂತ್ರ ಹೇಳುವುದಕ್ಕಿಂತಲೂ ಹೆಚ್ಚು. ಸೂತ್ರ ಆರರಲ್ಲಿ ಒಂದು ಅನ್ನುತ್ತದೆ, ಲೀಗಿನಲ್ಲಿ ಐದರಲ್ಲಿ ಒಂದಕ್ಕೂ ಮಿಗಿಲು ಓವರ್‌ಟೈಮಿಗೆ ಹೋಗುತ್ತವೆ. ಓವರ್‌ಟೈಮಿನಲ್ಲಿ ಸೋತರೂ ಒಂದು ಅಂಕ ಸಿಗುವುದರಿಂದ, ಸಮನಿರುವ ತಂಡಗಳು ಕೊನೆಯ ಐದು ನಿಮಿಷ ಅಪಾಯ ಮೈಮೇಲೆ ಎಳೆದುಕೊಳ್ಳುವುದಿಲ್ಲ. ಪಾಯ್ಸನ್‌ಗೆ ಈ ಎಚ್ಚರಿಕೆ ಗೊತ್ತಿಲ್ಲ.

ಎರಡು ಗೋಲು ಹಿಂದೆ ಬಿದ್ದ ತಂಡ ಇದಕ್ಕೆ ತದ್ವಿರುದ್ಧ. ಗೋಲಿಯನ್ನು (ಗೋಲ್‌ಕೀಪರ್) ಹೊರಗೆ ಕರೆದು ಆರನೆಯ ಆಟಗಾರನನ್ನು ಇಳಿಸುತ್ತದೆ, ಎದುರಾಳಿ ದೂರದಿಂದಲೇ ಖಾಲಿ ನೆಟ್‌ಗೆ ಪಕ್ ಕಳಿಸುತ್ತಾನೆ. ಎನ್‌ಎಚ್‌ಎಲ್ ಚಾಂಪಿಯನ್ ಯಾರೆಂದು ತೀರ್ಮಾನಿಸುವ 2024ರ ಸ್ಟಾನ್ಲಿ ಕಪ್ ಫೈನಲ್ಲಿನ ಆರನೇ ಪಂದ್ಯದಲ್ಲಿ ಎಡ್ಮಂಟನ್ ತಂಡ ಫ್ಲೋರಿಡಾ ವಿರುದ್ಧ 3–1 ಮುಂದಿತ್ತು. ಕೊನೆಯ ಕೆಲವೇ ನಿಮಿಷಗಳಲ್ಲಿ ಎರಡು ಖಾಲಿ ನೆಟ್ ಗೋಲು ಬಿದ್ದು 5–1 ಆಯಿತು. ಟೋಟಲ್ 4 ಇದ್ದದ್ದು 6. ಅಂಡರ್ 5.5 ಹಿಡಿದವರಿಗೆ ಅಷ್ಟು ಹೊತ್ತಿನವರೆಗೂ ಗೆಲುವು ಕೈಯಲ್ಲಿತ್ತು. ಅದೇ ಎಡ್ಮಂಟನ್, ಅದೇ ಫ್ಲೋರಿಡಾ, ಏಳು ಪಂದ್ಯಗಳ ಟೋಟಲ್ ನೋಡಿ: 3, 5, 7, 9, 8, 6, 3. ಒಂದೊಂದು ಪಂದ್ಯವನ್ನು ಕರಾರುವಾಕ್ಕಾಗಿ ಹೇಳಬಲ್ಲೆ ಎನ್ನುವವರನ್ನು ನಾನು ನಂಬದಿರುವುದು ಇದಕ್ಕೇ.

ಈಗ ನನ್ನ ಕೆಲಸ ಶುರುವಾಗುವುದು ಗೋಲಿ ಯಾರು ಎಂಬುದರಿಂದ. ಬೆಳಗಿನ ಅಭ್ಯಾಸದ ಹೊತ್ತಿಗೆ ಬಹುತೇಕ ಗೊತ್ತಾಗುತ್ತದೆ. ಸತತ ಎರಡು ದಿನ ಪಂದ್ಯವಿದ್ದರೆ ಒಂದಕ್ಕೆ ಸಾಮಾನ್ಯವಾಗಿ ಎರಡನೇ ಗೋಲಿಯನ್ನು ನಿಲ್ಲಿಸುತ್ತಾರೆ. ಅದು ಖಚಿತವಾಗುವ ಮೊದಲು ಒಂದು ಡಾಲರ್ ಕೂಡ ಹಾಕುವುದಿಲ್ಲ. ನಂತರ ಒಂದೊಂದು ತಂಡದ ಗೋಲನ್ನು ಬೇರೆಬೇರೆಯಾಗಿ ಅಂದಾಜಿಸಿ, ಒಂದೊಂದು ಸ್ಕೋರಿನ ಸಾಧ್ಯತೆಗೆ ಒಂದೊಂದು ಚೌಕದಂತೆ ಪಟ್ಟಿ ಮಾಡುತ್ತೇನೆ, ಸಮನಾದ ಚೌಕಗಳ ಭಾರ ಸ್ವಲ್ಪ ಏರಿಸಿ ಅವುಗಳ ಟೋಟಲ್‌ಗೆ ಒಂದು ಸೇರಿಸುತ್ತೇನೆ, ಎರಡು ಗೋಲು ಅಂತರದವುಗಳಲ್ಲಿ ಒಂದಿಷ್ಟನ್ನು ಮೂರರ ಅಂತರಕ್ಕೆ ಸರಿಸುತ್ತೇನೆ. ಇಷ್ಟೆಲ್ಲ ಮುಗಿದ ಮೇಲೆಯೇ ಕಂಪನಿಯ ದರ ತೆರೆಯುವುದು. ಮೊದಲೇ ನೋಡಿದರೆ ನನ್ನ ಅಂದಾಜು ತಾನಾಗಿ ಆ ಕಡೆ ವಾಲುತ್ತದೆ.

ಓವರ್, ಅಂಡರ್ ಎರಡಕ್ಕೂ 1.91 ಇದ್ದರೆ ಶೇ. 52.4 ಬೇಕು. ನನ್ನ ಲೆಕ್ಕ ಶೇ. 56 ದಾಟದಿದ್ದರೆ ಕೈ ಹಾಕುವುದಿಲ್ಲ, ಹಾಗಾಗಿ ಹೆಚ್ಚಿನ ಸಂಜೆ ಬರೀ ಪಂದ್ಯ ನೋಡುತ್ತೇನೆ. ಅಕ್ಟೋಬರಿನಲ್ಲಿ ತೆಗೆದಿಟ್ಟ ಹಣ ಮುಗಿದರೆ ಮುಂದಿನ ಅಕ್ಟೋಬರ್‌ವರೆಗೆ ಬಾಜಿ ಇಲ್ಲ. ನೋಟ್‌ಬುಕ್ ಮಾತ್ರ ನಿಲ್ಲುವುದಿಲ್ಲ. 60 ನಿಮಿಷದ ಸ್ಕೋರಿಗೆ ಒಂದು ಕಾಲಂ, ಖಾಲಿ ನೆಟ್ ಗೋಲಿಗೆ ಇನ್ನೊಂದು, ಕೊನೆಯ ಸ್ಕೋರ್ ಅದರ ಪಕ್ಕದಲ್ಲಿ.