ಕೆನ್ನೆಯ ಹುರುಪೆ ಎಣಿಸಿ ಟೆಗು ನಕ್ಷೆ ಮಾಡಿದೆ

"ಫೋಟೋ ನೋಡಿ ಟೆಗು ಯಾವುದು ಅಂತ ಹೇಳೋಕಾಗಲ್ಲ, ರಕ್ತ ತೆಗೆದು ಡಿಎನ್ಎ ಮಾಡಿಸಬೇಕು." ಟೆಗು ಅಂದರೆ ದಕ್ಷಿಣ ಅಮೆರಿಕದ ದೊಡ್ಡ ಹಲ್ಲಿ. ಯಾವ ಜಾತಿಯ ಟೆಗು ಎಲ್ಲಿದೆ ಎಂದು ಫೋಟೋದಿಂದಲೇ ನಕ್ಷೆ ಮಾಡುತ್ತೇನೆ ಎಂದಾಗಲೆಲ್ಲ ಈ ಮಾತನ್ನು ಮೂರು ವರ್ಷ ಕೇಳಿದ್ದೇನೆ. ಈಗ ನಕ್ಷೆ ಸಿದ್ಧವಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸದ ಮೇಲೆ ಬ್ರೆಜಿಲ್‌ನ ಕಂಪಿನಾಸ್‌ಗೆ ಬಂದವನು ನಾನು. ಮೊದಲ ಸಲ ಹೊಲದ ಬದುವಿನ ಮೇಲೆ ಟೆಗು ಕಂಡಾಗ ಉಡ ಅಂದುಕೊಂಡೆ. ಅದೇ ನಡಿಗೆ, ಅದೇ ಸೀಳು ನಾಲಿಗೆ. ಇಲ್ಲಿಯವರು ತೇಯೂ ಅನ್ನುತ್ತಾರೆ. ಉಡಕ್ಕೂ ಇದಕ್ಕೂ ಹತ್ತಿರದ ನೆಂಟಸ್ತನವಿಲ್ಲ. ಆದರೆ 1802ರಲ್ಲಿ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ದೋದೆನ್ ನಮ್ಮ ಉಡಕ್ಕೆ ಕೊಟ್ಟ ಹೆಸರೇ ಟ್ಯೂಪಿನಾಂಬಿಸ್ ಬೆಂಗಾಲೆನ್ಸಿಸ್! ಟ್ಯೂಪಿನಾಂಬಿಸ್ ಅನ್ನೋದು ಟೆಗುವಿನ ಕುಲದ ಹೆಸರು. ಆಗ ಉಡ, ಟೆಗು ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದರು. ಮೋಸಹೋದವನು ನಾನೊಬ್ಬನೇ ಅಲ್ಲ, ಅಲ್ವಾ?

ಮೊದಲ ಪ್ರವಾಸ ಹೋಗಿದ್ದು ಜುಲೈಯಲ್ಲಿ. ಕಾರು ಬಾಡಿಗೆ, ಪೆಟ್ರೋಲ್, ರೂಮು ಸೇರಿ ನಮ್ಮ ಲೆಕ್ಕದಲ್ಲಿ ಹತ್ತಿರಹತ್ತಿರ 40 ಸಾವಿರ ರೂಪಾಯಿ ಹೋಯಿತು. ಎಂಟು ದಿನದಲ್ಲಿ ಸಿಕ್ಕ ಟೆಗು: ಸೊನ್ನೆ. ಇಲ್ಲಿ ಜುಲೈ ಅಂದರೆ ಚಳಿಗಾಲ, ದಕ್ಷಿಣದ ಕಪ್ಪು-ಬಿಳಿ ಟೆಗು ಚಳಿಗಾಲ ಪೂರ್ತಿ ಬಿಲದಲ್ಲಿ ಮಲಗಿರುತ್ತದೆ. ಊರಿನ ಹುಡುಗನಿಗೂ ಅದು ಗೊತ್ತಿತ್ತು. ನಾನು ಕೇಳಿರಲಿಲ್ಲ, ಅಷ್ಟೇ.

ಆಮೇಲೆ ಮ್ಯೂಸಿಯಂ ಪಟ್ಟಿಗಳಿಂದ ನಕ್ಷೆ ಮಾಡಲು ಹೋದೆ. ಅದು ಇನ್ನೂ ದೊಡ್ಡ ಎಡವಟ್ಟು. ಹಳೆಯ ಚೀಟಿಗಳಲ್ಲಿ ಕಪ್ಪು-ಬಿಳಿಯದಕ್ಕೇ "ಟೆಗುಯಿಕ್ಸಿನ್" ಎಂದು ಬರೆದಿರುತ್ತಾರೆ, ಅಮೆಜಾನಿನ ಹೊನ್ನಬಣ್ಣದ್ದಕ್ಕೆ "ನೈಗ್ರೋಪಂಕ್ಟೇಟಸ್". 1995ರಲ್ಲಿ ಸರೀಸೃಪ ತಜ್ಞೆ ಅವಿಲಾ-ಪೀರೆಸ್ ಇದನ್ನು ತಿದ್ದಿದರು: ಟೆಗುಯಿಕ್ಸಿನ್ ಎಂಬ ಹೆಸರು ಅಮೆಜಾನಿನದಕ್ಕೆ ಹೋಯಿತು, ದಕ್ಷಿಣದ್ದು ಮೆರಿಯಾನೆ ಆಯಿತು. 2012ರಲ್ಲಿ ದಕ್ಷಿಣದ ಗುಂಪನ್ನು ಸಾಲ್ವೇಟರ್ ಎಂಬ ಹಳೇ ಕುಲಕ್ಕೆ ಮತ್ತೆ ಸೇರಿಸಿದರು. ಇದ್ಯಾವುದನ್ನೂ ನೋಡದೆ ಚೀಟಿಯಲ್ಲಿದ್ದ ಹೆಸರನ್ನೇ ಕಂಪ್ಯೂಟರಿಗೆ ತುಂಬಿದೆ. ನನ್ನ ನಕ್ಷೆಯಲ್ಲಿ ಟೆಗುಯಿಕ್ಸಿನ್ ವೆನೆಜುವೆಲಾದಿಂದ ಉರುಗ್ವೆವರೆಗೂ ಓಡಾಡುತ್ತಿತ್ತು! ಎರಡು ತಿಂಗಳ ರಾತ್ರಿ ಕೆಲಸ ಕಸದ ಬುಟ್ಟಿಗೆ.

ಊರು ನೋಡಿ ಗುಂಪು ಹೇಳೋಣ ಅಂದರೆ, ಸೆರಾಡೊ ಹುಲ್ಲುಗಾಡಿನಲ್ಲಿ ಎರಡೂ ಕುಲದವು ಇವೆ. ಬಣ್ಣ ಇನ್ನೂ ಮೋಸ. ಕಪ್ಪು-ಬಿಳಿಯದರ ಮರಿಗೆ ತಲೆ ಹಸಿರು, ಬೆಳೆದ ಹಾಗೆ ಅದು ಮಾಯ.

ಕೊನೆಗೆ ಉಳಿದಿದ್ದು ಕೆನ್ನೆ. ಮೂಗಿನ ಹೊಳ್ಳೆಗೂ ಕಣ್ಣಿಗೂ ನಡುವಿನ ಲೋರಿಯಲ್ ಹುರುಪೆ. ಎರಡಿದ್ದರೆ ಸಾಲ್ವೇಟರ್, ಒಂದಿದ್ದರೆ ಟ್ಯೂಪಿನಾಂಬಿಸ್. ಪುಸ್ತಕದಲ್ಲಿ ಇರೋದೇ ಇದು, ಹೊಸದೇನಲ್ಲ. ಆದರೆ ಅದು ಕೈಯಲ್ಲಿ ಹಿಡಿದ ಪ್ರಾಣಿಗೆ, ದೂರದ ಫೋಟೋದಲ್ಲಿ ಕಾಣಲ್ಲ ಎಂಬುದು ಎಲ್ಲರ ವಾದ. ನನ್ನ ಹತ್ತಿರ ಹಿಡಿಯೋ ಪರವಾನಗಿ ಇರಲಿಲ್ಲ, ಹಾಗಾಗಿ ಫೋಟೋ ಬಿಟ್ಟು ಬೇರೆ ದಾರಿಯೂ ಇರಲಿಲ್ಲ.

ಮೊದಲ ನೂರೈವತ್ತು ಫೋಟೋ ಎಲ್ಲಾ ಬೆನ್ನಿನವು. ಸುಂದರವಾಗಿದ್ದವು, ಕೆಲಸಕ್ಕೆ ಬರಲಿಲ್ಲ. ಆಮೇಲೆ ಕ್ಯಾಮೆರಾವನ್ನು ಒಂದು ಗೇಣು ಎತ್ತರದಲ್ಲಿ ಕಟ್ಟಿ, ಮುಂದೆ ಮೊಟ್ಟೆ ಇಟ್ಟೆ. ಮೊದಲ ವಾರ ಬಂದಿದ್ದು ಕ್ವಾಟಿ (ಉದ್ದ ಮೂತಿಯ, ಪಟ್ಟೆ ಬಾಲದ ಇಲ್ಲಿಯ ಪ್ರಾಣಿ), ನಾಯಿ, ಮತ್ತೆ ಕ್ವಾಟಿ. ಒಂದು ಲೆನ್ಸ್ ಗೀಚಿ ಹಾಳಾಯಿತು, ಅದರ ಬೆಲೆ ಮನೆಯಲ್ಲಿ ಇನ್ನೂ ಹೇಳಿಲ್ಲ. ಮೊಟ್ಟೆ ಜೊತೆ ಇನ್ನೊಂದು ಪದಾರ್ಥ ಸೇರಿಸಿದ ಮೇಲೆ ಟೆಗು ಬಂದು ಅರ್ಧ ನಿಮಿಷ ಪಕ್ಕಕ್ಕೆ ತಿರುಗಿ ನಿಲ್ಲತೊಡಗಿತು. ಅದೇನು ಅಂತ ಹೇಳಲ್ಲ. ಪಪ್ಪಾಯಿ ಅಲ್ಲ, ಅದನ್ನೂ ನೋಡಿದ್ದೆ, ಇರುವೆ ಬಂತು.

ಪೊರೆ ಬಿಡುವ ಕಾಲದಲ್ಲಿ ಎರಡು ಹುರುಪೆ ಸೇರಿ ಒಂದೇ ಹುರುಪೆಯಂತೆ ಕಾಣುತ್ತವೆ. ನಡುವಿನ ಗೆರೆ ಬೂದಿ ಬಣ್ಣಕ್ಕೆ ತಿರುಗಿ ಮುಚ್ಚಿಹೋಗುತ್ತದೆ. ಮಧ್ಯಾಹ್ನದ ಬಿಸಿಲೂ ಅಷ್ಟೇ. ಹಾಗಾಗಿ ಎರಡೂ ಕೆನ್ನೆ ಸಿಗದ ಪ್ರಾಣಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಮಧ್ಯೆ ಒಂದು ಹುಚ್ಚಾಟವೂ ಆಯಿತು. ಮರಿ ಮಾಡುವ ಕಾಲದಲ್ಲಿ ಈ ಹಲ್ಲಿ ರಾತ್ರಿ ಮೈ ಬಿಸಿ ಇಟ್ಟುಕೊಳ್ಳುತ್ತದೆ, ಸುತ್ತಲಿಗಿಂತ 10 ಡಿಗ್ರಿವರೆಗೂ ಜಾಸ್ತಿ ಎಂದು 2016ರಲ್ಲಿ ಪ್ರಕಟವಾಗಿತ್ತು. ನಾನೂ ಅಕ್ಟೋಬರ್ ಬೆಳಗಿನ ಜಾವ ಅಗ್ಗದ ಥರ್ಮಾಮೀಟರ್ ಹಿಡಿದು ಬಿಲದ ಬಾಯಲ್ಲಿ ಕೂತೆ. ಒಂದೂವರೆ ಡಿಗ್ರಿ ಸಿಕ್ಕಿತು. ಅದು ನನ್ನ ಉಸಿರಿನದೇ ಇರಬಹುದು.

ಸಂದೇಹಪಟ್ಟವರಲ್ಲಿ ಒಬ್ಬರು ತಮ್ಮ ಸಂಗ್ರಹದ 60 ಫೋಟೋ ಕಳಿಸಿ, ಹೆಸರು ಮುಚ್ಚಿ ಪರೀಕ್ಷೆ ಇಟ್ಟರು. ಐವತ್ತೇಳೋ ಐವತ್ತೆಂಟೋ ಸರಿ ಬಂತು. ಆಮೇಲೆ ಅವರೇ ಹಳೇ ಬಾಟಲಿಗಳಲ್ಲಿ ಕಾಪಿಟ್ಟ ಟೆಗುಗಳ ಕೆನ್ನೆ ಫೋಟೋ ಕಳಿಸತೊಡಗಿದರು. ಸಾವೊ ಪಾಲೊ ರಾಜ್ಯದ್ದೊಂದು, ಚೀಟಿ "ಟೆಗುಯಿಕ್ಸಿನ್", ಕೆನ್ನೆಯಲ್ಲಿ ಎರಡು ಹುರುಪೆ. ಚೀಟಿ ಸುಳ್ಳು, ಕೆನ್ನೆ ನಿಜ.

ಈಗ ನಕ್ಷೆಯಲ್ಲಿ ಸುಮಾರು 300 ಚುಕ್ಕಿ. ದಕ್ಷಿಣದ ಸಾಲ್ವೇಟರ್ ಕೆಳಗೆ, ಅಮೆಜಾನ್ ಕಡೆ ಟ್ಯೂಪಿನಾಂಬಿಸ್, ನಡುವೆ ಕಲಸುಮೇಲೋಗರ. ಫರ್ನಾಂಡೊ ಡಿ ನೊರೋನ್ಯಾ ದ್ವೀಪದ್ದನ್ನು ಬೇರೆ ಬಣ್ಣದಲ್ಲಿ ಹಾಕಿದ್ದೇನೆ, ಅಲ್ಲಿಗೆ ಜನರೇ ತಂದು ಬಿಟ್ಟಿದ್ದು. ಸೆರಾಡೊದ ಹಳದಿ ಟೆಗು ದೂಸೆನಿ ಮಾತ್ರ ಕೈಗೆ ಸಿಕ್ಕುತ್ತಿಲ್ಲ. ಅದೂ ಸಾಲ್ವೇಟರ್, ಕೆನ್ನೆ ನೋಡಿ ಮೆರಿಯಾನೆಯಿಂದ ಬೇರೆ ಮಾಡೋಕಾಗಲ್ಲ. ಅಕ್ಟೋಬರ್‌ಗೆ ಸೆರಾಡೊ ಇರುವ ಗೊಯಾಸ್ ರಾಜ್ಯಕ್ಕೆ ಕಾರು ಬುಕ್ ಮಾಡಿದ್ದೇನೆ. ಜುಲೈಗೆ ಅಲ್ಲ.