ಅಮೆರಿಕದ ಆಸ್ಪತ್ರೆಯಲ್ಲಿ ಎಲೆಕ್ಟಿವ್: ಪದವಿ ಕೈಸೇರುವ ಮುಂಚೆಯೇ ಮಾಡಿ

ಮುಂದೆ ಅಮೆರಿಕದಲ್ಲಿ ರೆಸಿಡೆನ್ಸಿ (ಪದವಿಯ ನಂತರ ಆಸ್ಪತ್ರೆಯಲ್ಲಿ ಪಡೆಯುವ ತಜ್ಞ ತರಬೇತಿ) ಮಾಡುವ ಆಸೆ ಇರುವ ಎಂಬಿಬಿಎಸ್ ವಿದ್ಯಾರ್ಥಿಗಳು ಎಲೆಕ್ಟಿವ್ ಬೇರೆ, ಅಬ್ಸರ್ವರ್‌ಶಿಪ್ ಬೇರೆ ಅನ್ನುವುದನ್ನು ಮೊದಲು ತಿಳಿದಿರಬೇಕು. ಎಲೆಕ್ಟಿವ್ ಅಂದರೆ ಓದುತ್ತಿರುವಾಗಲೇ ಅಲ್ಲಿನ ಆಸ್ಪತ್ರೆಯಲ್ಲಿ ಪಡೆಯುವ ತರಬೇತಿ, ಅದರಲ್ಲಿ ನೀವು ವೈದ್ಯರ ತಂಡದ ಒಳಗಿನವರು. ರೋಗಿಯನ್ನು ಮಾತಾಡಿಸಿ, ಪರೀಕ್ಷಿಸಿ, ರೌಂಡ್ಸ್‌ನಲ್ಲಿ (ವೈದ್ಯರ ತಂಡ ವಾರ್ಡ್ ಸುತ್ತುವಾಗ) ಕೇಸ್ ಹೇಳುತ್ತೀರಿ. ಅಬ್ಸರ್ವರ್‌ಶಿಪ್‌ನಲ್ಲಿ ನೋಡುವುದಷ್ಟೇ, ರೋಗಿಯನ್ನು ಮುಟ್ಟುವಂತಿಲ್ಲ. ಎಲೆಕ್ಟಿವ್ ವಿದ್ಯಾರ್ಥಿಗಳಿಗೆಂದೇ ಇರುವುದು. ನಮ್ಮ ಇಂಟರ್ನ್‌ಗಳನ್ನು ಕೆಲವು ಕಾಲೇಜುಗಳು ವಿದ್ಯಾರ್ಥಿ ಎಂದು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಅರ್ಜಿ ಹಾಕುವ ಮುಂಚೆ ಇಮೇಲ್ ಬರೆದು ಕೇಳಿಬಿಡಿ.

ತಯಾರಿ ಹತ್ತು ತಿಂಗಳು ಮುಂಚೆಯೇ ಶುರುವಾಗಲಿ. ಅನೇಕ ಕಾಲೇಜುಗಳು ಎಎಎಂಸಿ (ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘ) ನಡೆಸುವ ವಿಎಸ್‌ಎಲ್‌ಒ ಎಂಬ ಆನ್‌ಲೈನ್ ಅರ್ಜಿ ವ್ಯವಸ್ಥೆಯ ಮೂಲಕ ಅರ್ಜಿ ತೆಗೆದುಕೊಳ್ಳುತ್ತವೆ. ನಿಮ್ಮ ಕಾಲೇಜು ಅದರ ಪಟ್ಟಿಯಲ್ಲಿದೆಯಾ ಅಂತ ಡೀನ್ ಕಚೇರಿಯಲ್ಲಿ ವಿಚಾರಿಸಿ. ಇಲ್ಲದಿದ್ದರೆ, ನೇರವಾಗಿ ಅರ್ಜಿ ಪಡೆಯುವ ಕಾಲೇಜುಗಳನ್ನು ಹುಡುಕಬೇಕು. ದುಡ್ಡು ತೆಗೆದುಕೊಂಡು ಜಾಗ ಕೊಡಿಸುವ ಏಜೆಂಟರೂ ಇದ್ದಾರೆ. ಸಿಗುವುದು ಬೋಧಕ ಆಸ್ಪತ್ರೆಯೋ ಖಾಸಗಿ ಕ್ಲಿನಿಕ್ಕೋ ಅಂತ ಬರಹದಲ್ಲಿ ಖಾತ್ರಿ ಆಗದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಕಾಗದಪತ್ರದಲ್ಲಿ ಜಾಸ್ತಿ ಕಾಡುವುದು ಲಸಿಕೆಯ ದಾಖಲೆ. ದಡಾರ, ಸೀತಾಳೆ ಸಿಡುಬು (ಚಿಕನ್‌ಪಾಕ್ಸ್), ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದ್ದೇನೆ ಅಂದರೆ ಸಾಲದು, ರಕ್ತದಲ್ಲಿ ರೋಗನಿರೋಧಕ ಶಕ್ತಿ ಇದೆ ಅಂತ ಟೈಟರ್ ವರದಿಯನ್ನೂ ಕೇಳುತ್ತಾರೆ. ನಮಗೆಲ್ಲ ಹುಟ್ಟಿದಾಗಲೇ ಬಿಸಿಜಿ (ಕ್ಷಯದ ಲಸಿಕೆ) ಆಗಿರುವುದರಿಂದ ಕ್ಷಯದ ಚರ್ಮ ಪರೀಕ್ಷೆ ಸುಮ್ನೆ ಪಾಸಿಟಿವ್ ಬರಬಹುದು. ಅವರು ಒಪ್ಪಿದರೆ ಕ್ವಾಂಟಿಫೆರಾನ್ ರಕ್ತಪರೀಕ್ಷೆಯನ್ನೇ ಮಾಡಿಸಿ. ಸಂಬಳವಿಲ್ಲದ ಎಲೆಕ್ಟಿವ್‌ಗೆ ಸಾಮಾನ್ಯವಾಗಿ ಬಿ-1 ವೀಸಾ ಸಾಕು. ಸಂದರ್ಶನಕ್ಕೆ ಅಲ್ಲಿನ ಕಾಲೇಜಿನ ಆಹ್ವಾನ ಪತ್ರ, ನಿಮ್ಮ ಡೀನ್ ಕೊಟ್ಟ ಪತ್ರ ಎರಡೂ ಜೊತೆಗಿರಲಿ.

ಇನ್ನು ವಾರ್ಡ್. ನಿಜವಾದ ಕಲಿಕೆ ಇಲ್ಲೇ. ರೌಂಡ್ಸ್‌ಗೆ ಒಂದು ಗಂಟೆ ಮುಂಚೆ ಹೋಗಿ ನಿಮ್ಮ ರೋಗಿಗಳನ್ನು ನೋಡಿ ಬನ್ನಿ. ರಾತ್ರಿ ಏನಾಯಿತು ಅಂತ ನರ್ಸ್ ಬಳಿ ಕೇಳಿ. ಕೇಸ್ ಹೇಳುವಾಗ ಮೊದಲ ವಾಕ್ಯದಲ್ಲೇ ತಿರುಳು ಬರಬೇಕು: ‘58 ವರ್ಷದ ಹೆಂಗಸು, ಸಕ್ಕರೆ ಕಾಯಿಲೆ ಇದೆ, ಎರಡು ದಿನದಿಂದ ಉಸಿರಾಟದ ತೊಂದರೆ.’ ಆಮೇಲೆ ರಾತ್ರಿಯ ಸಂಗತಿ, ಪರೀಕ್ಷೆಯಲ್ಲಿ ಕಂಡದ್ದು, ಲ್ಯಾಬ್ ವರದಿ. ಅಷ್ಟಕ್ಕೇ ನಿಲ್ಲಿಸಬೇಡಿ. ರೋಗ ಏನಿರಬಹುದು, ಇವತ್ತು ಏನು ಮಾಡಬೇಕು ಅಂತ ನೀವೇ ಹೇಳಿ. ನಮ್ಮಲ್ಲಿ ದೊಡ್ಡವರು ಕೇಳುವವರೆಗೆ ಸುಮ್ಮನಿರುವುದು ಮರ್ಯಾದೆ, ಅಲ್ವಾ? ಅಲ್ಲಿ ಬಾಯಿ ಬಿಡದಿದ್ದರೆ ಓದಿಕೊಂಡಿಲ್ಲ ಅಂದುಕೊಳ್ಳುತ್ತಾರೆ. ಉತ್ತರ ತಪ್ಪಾದರೂ ಪರವಾಗಿಲ್ಲ, ಕಾರಣ ಕೊಟ್ಟು ಹೇಳಿ.

ಔಷಧಿಗಳ ಹೆಸರೂ ಬದಲು. ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೊಫೆನ್, ಸಾಲ್ಬುಟಮಾಲ್ ಅಲ್ಬುಟೆರಾಲ್, ಅಡ್ರಿನಲಿನ್ ಎಪಿನೆಫ್ರಿನ್.

ರೋಗಿಯ ಗುಟ್ಟು ಕಾಯುವ 1996ರ ಹಿಪಾ ಕಾನೂನನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಕ್ಸ್‌ರೇ ಫೋಟೊ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸ ಇದ್ದರೆ ಇಲ್ಲೇ ಬಿಟ್ಟು ಹೊರಡಿ. ಕನ್ನಡದ ಅಜ್ಜಿಯೊಬ್ಬರು ವಾರ್ಡಿನಲ್ಲಿ ಸಿಕ್ಕರೆ ಧಾರಾಳವಾಗಿ ಮಾತಾಡಿಸಿ, ಅವರಿಗೆ ಎಷ್ಟೋ ನೆಮ್ಮದಿ. ಆದರೆ ಆಪರೇಷನ್ನಿಗೆ ಒಪ್ಪಿಗೆ ಪಡೆಯುವಂಥ ಮಾತಿಗೆ ಆಸ್ಪತ್ರೆಯ ದುಭಾಷಿಯೇ ಬೇಕು.

ಶಿಫಾರಸು ಪತ್ರವನ್ನು ಕೊನೆಯ ವಾರ, ನಿಮ್ಮ ಕೆಲಸ ಹತ್ತಿರದಿಂದ ನೋಡಿದ ಅಟೆಂಡಿಂಗ್ ಡಾಕ್ಟರ (ತಂಡದ ಹೊಣೆ ಹೊತ್ತ ಹಿರಿಯ ವೈದ್ಯರ) ಬಳಿ ಮುಖತಃ ಕೇಳಿ. ದೊಡ್ಡ ಹೆಸರಿನವರು ಬರೆದ ಎರಡು ಸಾಲಿಗಿಂತ ನಿಮ್ಮನ್ನು ಬಲ್ಲವರ ಒಂದು ಪುಟ ಮೇಲು. ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ ಅಂತ ಗುರುತು ಹಾಕಿ, ಆಗ ಓದುವವರಿಗೆ ಅದರ ಮೇಲೆ ನಂಬಿಕೆ ಹೆಚ್ಚು. ಪತ್ರವನ್ನು ಇರಾಸ್ ಎಂಬ ರೆಸಿಡೆನ್ಸಿ ಅರ್ಜಿಯ ಪೋರ್ಟಲ್‌ಗೆ ಏರಿಸಬೇಕಾದವರು ಡಾಕ್ಟರು ಅಥವಾ ಅವರ ಕಚೇರಿಯವರು, ನೀವಲ್ಲ. ರೆಸಿಡೆನ್ಸಿ ಅರ್ಜಿಗಳು ಸೆಪ್ಟೆಂಬರ್‌ನಲ್ಲಿ ಹೋಗುತ್ತವೆ. ಆಗಸ್ಟ್‌ನಲ್ಲಿ ಒಮ್ಮೆ ವಿನಯದಿಂದ ನೆನಪಿಸಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.